ಗೇಣಿ ಬಾರದ ಧಣಿಗಳು

ಹೋದ ತಿಂಗಳು ಮಾಟುಂಗದಲ್ಲಿ ಒಂದು ಪುಸ್ತಕ ಬಿಡುಗಡೆಗೆ ಹೋಗಿದ್ದೆ. ಬಾಗಿಲಲ್ಲಿ ಕೈಗೊಂದು ಬಟ್ಟೆಚೀಲ ಕೊಟ್ಟರು. ಅದರೊಳಗೆ ಆಮಂತ್ರಣ ಪತ್ರಿಕೆ, ಒಂದು ಪೆನ್ನು, ಜೊತೆಗೆ ನಾಲ್ಕು ಬಣ್ಣದಲ್ಲಿ ಅಚ್ಚಾದ ಕರಪತ್ರ. ಬಿಳಿ ಪ್ಲಾಸ್ಟಿಕ್ಕಿನ ಹಸಿರುಮನೆ, ಅದರೊಳಗೆ ಕೆಂಪು ಹಳದಿ ದೊಣ್ಣೆಮೆಣಸು, ಎದುರಿಗೆ ನಗುವ ಗಂಡ ಹೆಂಡತಿ. ಕೆಳಗೆ ಅಚ್ಚಗನ್ನಡದಲ್ಲಿ ಮಣ್ಣಿಗೆ ಮರಳುವ ಮಾತು. ನಿಮ್ಮ ಹೆಸರಲ್ಲಿ ತುಂಡು ಭೂಮಿ, ಬೆಳೆಯುವುದು ನಾವು, ತಿಂಗಳು ತಿಂಗಳು ಆದಾಯ ನಿಮ್ಮ ಖಾತೆಗೆ. ಕಾರ್ಯಕ್ರಮದ ಮುಖ್ಯ ಪ್ರಾಯೋಜಕರು ಅವರೇ ಎಂದು ನಿರೂಪಕರು ಎರಡು ಸಲ ಹೇಳಿದರು. ನಾವೆಲ್ಲ ಎರಡು ಸಲವೂ ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ. ಆ ನಾಚಿಕೆ ತಡೆಯಲಾಗದೆ ಇದನ್ನು ಬರೆಯುತ್ತಿದ್ದೇನೆ.

ಯಾಕೆಂದರೆ ಇಂಥದೇ ಚೀಲ ಹಿಡಿದುಕೊಂಡು 2018ರ ನವೆಂಬರಿನಲ್ಲಿ ನಾನು ಡೊಂಬಿವಲಿಯ ಮನೆಗೆ ಹೋಗಿದ್ದೆ. ಆ ಚೀಲ ಕೊಟ್ಟ ಕಂಪನಿಯ ಹೆಸರು ಇಲ್ಲಿ ಬರೆಯುವುದಿಲ್ಲ, ದೂರು ತನಿಖೆಯಲ್ಲಿದೆ. ಹೆಸರು ಮುಖ್ಯವೂ ಅಲ್ಲ. ಒಂದು ಹೆಸರು ಮುಚ್ಚಿದರೆ ಅದೇ ಕರಪತ್ರ ಇನ್ನೊಂದು ಹೆಸರಲ್ಲಿ ಬರುತ್ತದೆ, ಹೋದ ತಿಂಗಳು ಬಂದ ಹಾಗೆ.

ನಮ್ಮ ವ್ಯವಹಾರ ಹೀಗಿತ್ತು. ಮುರ್ಬಾಡಿನ ಆಚೆ ಹತ್ತು ಗುಂಟೆಯ ಒಂದು ಹಸಿರುಮನೆ ಘಟಕಕ್ಕೆ 14 ಲಕ್ಷ ರೂಪಾಯಿ. ತಿಂಗಳಿಗೆ 28 ಸಾವಿರದಂತೆ ಐದು ವರ್ಷ ಖಚಿತ ಆದಾಯ. ಐದು ವರ್ಷದ ಕೊನೆಗೆ ಬೇಡವೆಂದರೆ ಅಸಲು ವಾಪಸು. ಅರ್ಧ ನಾನು ಹಾಕಿದೆ. ಇನ್ನರ್ಧ, 7 ಲಕ್ಷ, ನನ್ನ ಅಕ್ಕನ ಗಂಡ ಹಾಕಿದರು. ಬಾವ ಹನ್ನೊಂದನೆಯ ವಯಸ್ಸಿಗೆ ಕುಂದಾಪುರದ ಕಡೆಯಿಂದ ಬಂದವರು, ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ ರಾತ್ರಿ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದವರು, ಆಮೇಲೆ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ 32 ವರ್ಷ ದುಡಿದವರು. ಆ 7 ಲಕ್ಷ ಅವರ ಗ್ರಾಚ್ಯುಟಿ. ಕಾಗದ ನನ್ನ ಮುಂದಿಟ್ಟು, "ನೀನ್ ಲೆಕ್ಕ ಕಲ್ತವ, ನೀ ಒಂದ್ ಸಲ ನೋಡ್ ಮಾರಾಯ" ಅಂದರು. ನಾನು ಅಂಧೇರಿಯ ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡುವವ. ನೋಡಿದೆ. ಸರಿ ಇದೆ ಅಂದೆ.

ಸರಿ ಇರಲಿಲ್ಲ. ಅವತ್ತು ಮಾಡಬೇಕಿದ್ದ ಲೆಕ್ಕವನ್ನು ಈಗ ಮಾಡುತ್ತೇನೆ.

ಹತ್ತು ಗುಂಟೆ ಅಂದರೆ ಕಾಲು ಎಕರೆ, ಸುಮಾರು 1012 ಚದರ ಮೀಟರ್. ಸರ್ಕಾರದ ಏಕೀಕೃತ ತೋಟಗಾರಿಕೆ ಅಭಿವೃದ್ಧಿ ಮಿಷನ್ನಿನ 2014ರ ಮಾರ್ಗಸೂಚಿಯಲ್ಲಿ ಈ ಅಳತೆಯ ಪೈಪಿನ ಪಾಲಿಹೌಸಿಗೆ ಚದರ ಮೀಟರಿಗೆ 890 ರೂಪಾಯಿ ವೆಚ್ಚ ಎಂದು ಹಿಡಿದಿದ್ದರು. ಅಂದರೆ ಸುಮಾರು 9 ಲಕ್ಷ. ಅದರಲ್ಲಿ ಅರ್ಧ, ರೈತನಿಗೆ ಸಹಾಯಧನ. ಒಬ್ಬ ರೈತ 4000 ಚದರ ಮೀಟರಿನವರೆಗೆ ಇದನ್ನು ಪಡೆಯಬಹುದಿತ್ತು. ಉಳಿದರ್ಧಕ್ಕೆ ಬ್ಯಾಂಕು ಸಾಲ ಕೊಡುತ್ತದೆ. ಹಾಗಿದ್ದ ಮೇಲೆ ನಿಜವಾಗಿ ಹಸಿರುಮನೆ ಕಟ್ಟಿ ಬೆಳೆಯುವ ಮನಸ್ಸಿದ್ದವನು 14 ಲಕ್ಷ ಕೇಳಿಕೊಂಡು ಮಾಟುಂಗದ ಸಭಾಂಗಣಕ್ಕೆ ಯಾಕೆ ಬರಬೇಕು? ಬ್ಯಾಂಕು ಹನ್ನೊಂದು ಹನ್ನೆರಡು ಶೇಕಡಾಕ್ಕೆ ಕೊಡುವ ದುಡ್ಡನ್ನು ಬಿಟ್ಟು ನಮ್ಮಿಂದ 24 ಶೇಕಡಾಕ್ಕೆ ಯಾಕೆ ತೆಗೆದುಕೊಳ್ಳಬೇಕು? ಬ್ಯಾಂಕು ಪ್ರಶ್ನೆ ಕೇಳುತ್ತದೆ. ನಾವು ಕೇಳುವುದಿಲ್ಲ. ಆ ಹೆಚ್ಚಿನ ಬಡ್ಡಿ ನಮ್ಮ ಮೌನಕ್ಕೆ ಕೊಡುವ ಬೆಲೆ.

ಇನ್ನು ಬೆಳೆ. ಪಾಲಿಹೌಸಿನಲ್ಲಿ ಬಣ್ಣದ ದೊಣ್ಣೆಮೆಣಸು ಚೆನ್ನಾಗಿ ಬಂದರೆ ಎಕರೆಗೆ 30ರಿಂದ 40 ಟನ್. ಕಾಲು ಎಕರೆಗೆ ಒಂಬತ್ತು ಟನ್ ಎಂದು ಹಿಡಿಯಿರಿ. ವರ್ಷದ ಸರಾಸರಿ ಬೆಲೆ ಕಿಲೋಗೆ 40 ರೂಪಾಯಿ ಎಂದಿಟ್ಟುಕೊಳ್ಳಿ. ಒಟ್ಟು ಮಾರಾಟ 3.6 ಲಕ್ಷ. ಕಂಪನಿ ನಮಗೆ ವರ್ಷಕ್ಕೆ ಕೊಡುತ್ತೇನೆ ಎಂದದ್ದು 3.36 ಲಕ್ಷ. ಉಳಿದ 24 ಸಾವಿರದಲ್ಲಿ ಸಸಿ, ಗೊಬ್ಬರ, ಔಷಧ, ಕೂಲಿ, ಹನಿ ನೀರಾವರಿಯ ದುರಸ್ತಿ, ಡಬ್ಬಿ, ವಾಶಿ ಮಾರುಕಟ್ಟೆಯವರೆಗಿನ ಲಾರಿ ಬಾಡಿಗೆ, ದಲ್ಲಾಳಿ ಕಮಿಷನ್, ಕಂಪನಿಯ ಲಾಭ ಎಲ್ಲವೂ ಆಗಬೇಕು! ಇದು ಐದನೆಯ ತರಗತಿಯ ಲೆಕ್ಕ. ನಾನು ಪದವಿ ಪಡೆದವ.

ಹನ್ನೊಂದು ತಿಂಗಳು ದುಡ್ಡು ಸರಿಯಾಗಿ ಬಂತು. ಪ್ರತಿ ತಿಂಗಳ ಏಳನೆಯ ತಾರೀಕು ಬಾವನ ಫೋನು: "ಬಂತ್ ಕಾಣ್!" ಆ ಹನ್ನೊಂದು ತಿಂಗಳಲ್ಲಿ ನಾನು ಕಚೇರಿಯ ಇಬ್ಬರಿಗೆ ಇದೇ ಕಂಪನಿಯ ಏಜೆಂಟನ ನಂಬರು ಕೊಟ್ಟೆ. ಬಂದದ್ದು ಮೆಣಸಿನಕಾಯಿಯ ಹಣ ಅಲ್ಲ, ನಮ್ಮದೇ 14 ಲಕ್ಷದಿಂದ 3.08 ಲಕ್ಷವನ್ನು ಕಂತಾಗಿ ನಮಗೇ ತಿರುಗಿ ಕೊಟ್ಟದ್ದು, ಆ ಕಂತಿನ ಬಲದಿಂದ ಹೊಸಬರನ್ನು ಹಿಡಿದದ್ದು. ಏಜೆಂಟನಿಗಿಂತ ಹೆಚ್ಚು ಕೆಲಸ ಮಾಡಿದವನು ನಾನೇ. ಅವನಿಗೆ ಕಮಿಷನ್ ಸಿಕ್ಕಿತು, ನನಗೆ ಅದೂ ಇಲ್ಲ.

ಹನ್ನೆರಡನೆಯ ತಿಂಗಳು ನಿಂತಿತು. 2020ರ ಜನವರಿಯ ಒಂದು ಭಾನುವಾರ ಬಾವನೂ ನಾನೂ ಕಲ್ಯಾಣದಿಂದ ಬಸ್ಸು ಹಿಡಿದು ಹೋದೆವು. ಅಲ್ಲಿ ಎರಡು ಪಾಲಿಹೌಸ್ ಇದ್ದವು, ಕರಪತ್ರದ ಫೋಟೋದಲ್ಲಿದ್ದವು ಅವೇ. ಒಂದರೊಳಗೆ ಬಾಡಿದ ಸೌತೆಬಳ್ಳಿ, ಇನ್ನೊಂದು ಖಾಲಿ. ನಮ್ಮ ಕಾಗದದಲ್ಲಿ ಘಟಕ ಸಂಖ್ಯೆ 17 ಎಂದಿತ್ತು. ಆಮೇಲೆ ಪೊಲೀಸರ ಮುಂದೆ ಕಾಗದ ಹೋಲಿಸಿದಾಗ 17ನೆಯ ಘಟಕದ ಒಡೆಯರು ನಾವು ಸೇರಿ ನಾಲ್ಕು ಕುಟುಂಬ. ನಾವು ಬೇಲಿ ಹಿಡಿದು ನಿಂತಿದ್ದಾಗ ಟೋಪಿ ಹಾಕಿದ ಒಬ್ಬ ಮುದುಕ ಬಂದರು. ಬಾವನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು: "ಶೇಠ್, ಮಾಝಂ ಭಾಡಂ ಕಧೀ ದೇಣಾರ್?"

ಜಮೀನು ಅವರದು. ಕಂಪನಿ ಅದನ್ನು ಮೂರು ವರ್ಷಕ್ಕೆ ಬಾಡಿಗೆಗೆ ಹಿಡಿದಿತ್ತು. ಒಂದು ವರ್ಷದ ಬಾಡಿಗೆ ಕೊಟ್ಟು ಆಮೇಲೆ ಕೈಯೆತ್ತಿತ್ತು. ಮಾಲೀಕರು ಮುಂಬಯಿಯಲ್ಲಿದ್ದಾರೆ, ಅವರು ಬಂದಾಗ ಕೊಡುತ್ತಾರೆ ಎಂದು ಅವರಿಗೆ ಹೇಳಲಾಗಿತ್ತು. ಮುಂಬಯಿಯ ಆ ಮಾಲೀಕರು ಅಂದರೆ ನಾವು. ಬಾವ ಜೇಬಿನಿಂದ ಐನೂರು ತೆಗೆದು ಕೊಡಲು ಹೋದರು. ಮುದುಕ ತೆಗೆದುಕೊಳ್ಳಲಿಲ್ಲ. ನಮ್ಮನ್ನು ಕೂರಿಸಿ ಚಹಾ ಕುಡಿಸಿ ಕಳಿಸಿದರು.

ನಮ್ಮ ಕಡೆಯ ಹಿರಿಯರಿಗೆ ಚಾಲಗೇಣಿ, ಮೂಲಗೇಣಿ ಎಂಬ ಮಾತುಗಳು ಗೊತ್ತು. ಬಾವನ ಅಪ್ಪ ಗೇಣಿ ಒಕ್ಕಲು. 1974ರ ಭೂಸುಧಾರಣೆಯಲ್ಲಿ ಡಿಕ್ಲರೇಷನ್ ಕೊಟ್ಟು ಎರಡು ಎಕರೆ ಗದ್ದೆ ಅವರ ಹೆಸರಿಗಾಯಿತು. ಉಳುವವನೇ ಹೊಲದೊಡೆಯ ಎಂಬ ಆ ಕಾನೂನಿನ ಫಲ ಉಂಡ ಮನೆಯವರು ನಾವು, ನಲವತ್ತೈದು ವರ್ಷದ ಮೇಲೆ ದುಡ್ಡು ಕೊಟ್ಟು ಉಳದ ಒಡೆಯರಾಗಲು ಹೋದೆವು. ಹಳೆಯ ಧಣಿಗಳಿಗೆ ತಮ್ಮ ಗದ್ದೆಯ ಗಡಿಯಾದರೂ ಗೊತ್ತಿತ್ತು, ಮುಡಿಗಟ್ಟಲೆ ಅಕ್ಕಿಯಾದರೂ ಮನೆಗೆ ಬರುತ್ತಿತ್ತು. ನಾವು ಗಡಿ ಗೊತ್ತಿಲ್ಲದ, ಗೇಣಿ ಬಾರದ ಧಣಿಗಳು.

ಈಗ ಕಾಗದದ ವಿಷಯ. ಮಹಾರಾಷ್ಟ್ರದಲ್ಲಿ ಕೃಷಿಕನಲ್ಲದವನು ಕೃಷಿಭೂಮಿ ಕೊಳ್ಳುವುದಕ್ಕೆ 1948ರ ಗೇಣಿ ಮತ್ತು ಕೃಷಿಭೂಮಿ ಕಾಯ್ದೆಯ 63ನೆಯ ಕಲಂ ಅಡ್ಡ ಬರುತ್ತದೆ. ಹಿಡುವಳಿ ತೀರ ಚಿಕ್ಕ ತುಂಡಾಗದಂತೆ ತಡೆಯುವ 1947ರ ಕಾಯ್ದೆಯೂ ಇದೆ. ಆದ್ದರಿಂದ ಇಲ್ಲಿಯ ಕಂಪನಿಗಳು ಭೂಮಿ ಮಾರುವುದಿಲ್ಲ, ಭೂಮಿಯ ಮಾತು ಮಾರುತ್ತವೆ. ನಮಗೆ ಕೊಟ್ಟದ್ದು ನೂರು ರೂಪಾಯಿ ಸ್ಟಾಂಪ್ ಪೇಪರಿನ ಮೇಲೆ ಐದು ವರ್ಷದ ಗುತ್ತಿಗೆ ಕರಾರು. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು ಎನ್ನುವುದು 1908ರ ನೋಂದಣಿ ಕಾಯ್ದೆ. ನೋಂದಣಿ ಆಗಿರಲಿಲ್ಲ. ಸಾತ್‌ಬಾರಾ ಉತಾರಾದಲ್ಲಿ ಇದ್ದದ್ದು ಆ ಮುದುಕನ ಹೆಸರು, ಅದು ಇರಬೇಕಾದದ್ದೂ ಹಾಗೆಯೇ.

ಕರ್ನಾಟಕದಲ್ಲಿ 2020ರ ತಿದ್ದುಪಡಿ ಭೂಸುಧಾರಣಾ ಕಾಯ್ದೆಯ 79ಎ ಕಲಮನ್ನು ತೆಗೆದುಹಾಕಿತು. ಕೃಷಿಕನಲ್ಲದವನೂ, ಎಷ್ಟೇ ಆದಾಯವಿದ್ದವನೂ ಈಗ ಅಲ್ಲಿ ಕೃಷಿಭೂಮಿ ಕೊಳ್ಳಬಹುದು. ಅಂದಿನಿಂದ ನನ್ನ ಕೈಗೆ ಬರುವ ಕರಪತ್ರಗಳಲ್ಲಿ ಮುರ್ಬಾಡ್, ಶಹಾಪುರ ಹೋಗಿ ಸಕಲೇಶಪುರ, ಚಿಕ್ಕಬಳ್ಳಾಪುರ ಬಂದಿವೆ. ನಿಮ್ಮ ಹೆಸರಿಗೇ ಕ್ರಯಪತ್ರ ಮಾಡಿಸುತ್ತೇವೆ ಎನ್ನುತ್ತಾರೆ. ಇದು ಮೊದಲಿಗಿಂತ ಮೇಲು, ನಿಜ. ಆದರೆ ಕ್ರಯಪತ್ರದ ಜೊತೆಗೇ ಇನ್ನೊಂದು ಕಾಗದಕ್ಕೆ ಸಹಿ ಹಾಕಿಸುತ್ತಾರೆ, ಅದು ನಿರ್ವಹಣಾ ಒಪ್ಪಂದ. ಓದಿ ನೋಡಿ. ಬೆಳೆ ಯಾವುದೆಂದು ಅವರ ತೀರ್ಮಾನ, ಮಾರಾಟ ಅವರ ಕೈಯಲ್ಲಿ, ನಿರ್ವಹಣಾ ಶುಲ್ಕ ಮೊದಲು ಅವರಿಗೆ, ಉಳಿದರೆ ನಿಮಗೆ. ಸರ್ವೆ ನಂಬರಿನ ನಿಮ್ಮ ಭಾಗಕ್ಕೆ ಬೇರೆ ಪಹಣಿ ಇದೆಯೇ, 11ಇ ನಕ್ಷೆ ಆಗಿದೆಯೇ, ದಾರಿಯ ಹಕ್ಕು ಯಾರದು ಎಂಬುದು ಅದರಲ್ಲಿ ಇರುವುದಿಲ್ಲ. ನಾಳೆ ಕಂಪನಿ ಬಾಗಿಲು ಹಾಕಿದರೆ ಬೇರೆಯವರ ದಾರಿಯ ಒಳಗೆ, ಬೇರೆಯವರ ಕೊಳವೆಬಾವಿ ನಂಬಿ ಕೂತ ಕಾಲು ಎಕರೆಯನ್ನು ಯಾರು ಕೊಳ್ಳುತ್ತಾರೆ?

"ಎಲ್ಲರೂ ಮೋಸಗಾರರಲ್ಲ" ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಪ್ರಾಮಾಣಿಕವಾಗಿ ತೋಟ ನಡೆಸುವವರು ಇದ್ದಾರೆ. ಆದರೆ ಪ್ರಾಮಾಣಿಕನ ಮಾತು ಕೇಳಿ ನೋಡಿ, ಅವನು ಖಚಿತ ಆದಾಯ ಎನ್ನುವುದಿಲ್ಲ. ಪಾಲಿಹೌಸಿನ ಹಾಳೆಯನ್ನು ಮೂರು ನಾಲ್ಕು ವರ್ಷಕ್ಕೊಮ್ಮೆ ಬದಲಿಸಬೇಕು. ಒಂದೇ ಮಣ್ಣಿನಲ್ಲಿ ಮತ್ತೆ ಮತ್ತೆ ಮೆಣಸು, ಸೌತೆ ಹಾಕಿದರೆ ನೆಮಟೋಡ್ ಎಂಬ ಬೇರುಗಂಟು ಹುಳ ಸೇರಿ ಬೆಳೆ ಕುಗ್ಗುತ್ತದೆ. ಗಾಳಿ ಬಂದರೆ ಕಮಾನೇ ಮಡಚುತ್ತದೆ. 2020ರ ಜೂನ್ 3ರಂದು ನಿಸರ್ಗ ಚಂಡಮಾರುತ ರಾಯಗಡದ ಕರಾವಳಿಗೆ ಬಡಿದು ಒಳನಾಡಿಗೆ ಹೋದಾಗ ಮಾವಳದ ಕಡೆಯ ಹೂವಿನ ಪಾಲಿಹೌಸುಗಳು ಹರಿದುಹೋದವು. ಅದಕ್ಕೆ ಎರಡು ತಿಂಗಳ ಮೊದಲೇ ಲಾಕ್‌ಡೌನಿನಲ್ಲಿ ಹೂವು ಕೊಯ್ದು ಸುರಿದಿದ್ದರು. ದಾದರಿನ ಹೂವಿನ ಮಾರುಕಟ್ಟೆಯೇ ಮುಚ್ಚಿತ್ತು. ಅವರು ಕೆಲಸ ಗೊತ್ತಿದ್ದ, ಸ್ವಂತ ನೆಲದ ರೈತರು. ಅವರಿಗೇ ಹಾಗಾದರೆ ವಾಟ್ಸಾಪಿನಲ್ಲಿ ಬೆಳೆಯ ಫೋಟೋ ನೋಡುವ ನಮಗೆ ಖಚಿತ ಆದಾಯ ಎಲ್ಲಿಂದ ಬರುತ್ತದೆ? ಬೇಸಾಯದಲ್ಲಿ ಖಚಿತ ಎಂದವನು ಒಂದೋ ಬೇಸಾಯ ಗೊತ್ತಿಲ್ಲದವ, ಇಲ್ಲವೇ ನಮ್ಮನ್ನು ಗೊತ್ತಿದ್ದವ. ಅಂದಹಾಗೆ ನಮ್ಮ ಕಂಪನಿಯೂ ಲಾಕ್‌ಡೌನ್, ಚಂಡಮಾರುತ ಎರಡನ್ನೂ ಕಾರಣ ಕೊಟ್ಟಿತು. ದುಡ್ಡು ನಿಂತದ್ದು ಅವೆರಡಕ್ಕೂ ಮೊದಲು.

ಈ ಆಟ ಹೊಸದೂ ಅಲ್ಲ. 1990ರ ದಶಕದಲ್ಲಿ ತೇಗದ ಮರ ತೋರಿಸಿ ದುಡ್ಡು ಎತ್ತಿದರು. ಚೆನ್ನೈಯ ಅನುಭವ್ ಪ್ಲಾಂಟೇಶನ್ಸ್ 1998ರಲ್ಲಿ ಕುಸಿಯಿತು. 1999ರಲ್ಲಿ ಸೆಬಿ ಸಾಮೂಹಿಕ ಹೂಡಿಕೆ ಯೋಜನೆಗಳಿಗೆ ನಿಯಮ ಮಾಡಿತು. ಆಮೇಲೂ 2012ರಲ್ಲಿ ಪೆರುಂದುರೈಯ ಎಮು ಹಕ್ಕಿ, 2019ರಲ್ಲಿ ನಮ್ಮ ಪಕ್ಕದ ಸಾಂಗ್ಲಿ ಜಿಲ್ಲೆಯ ಇಸ್ಲಾಂಪುರದಿಂದ ಕಡಕ್‌ನಾಥ್ ಕೋಳಿ. ಎಲ್ಲಕ್ಕಿಂತ ದೊಡ್ಡದು ಪಿಎಸಿಎಲ್. ಕೃಷಿಭೂಮಿ ಕೊಟ್ಟು ಅಭಿವೃದ್ಧಿ ಮಾಡಿಕೊಡುತ್ತೇವೆಂದು ಸುಮಾರು 5.85 ಕೋಟಿ ಜನರಿಂದ ಎತ್ತಿದ 49,100 ಕೋಟಿ ರೂಪಾಯಿ ಹಿಂದಿರುಗಿಸಲು 2014ರ ಆಗಸ್ಟಿನಲ್ಲಿ ಸೆಬಿ ಆದೇಶಿಸಿತು. 2016ರಲ್ಲಿ ಸುಪ್ರೀಂ ಕೋರ್ಟು ನಿವೃತ್ತ ಮುಖ್ಯ ನ್ಯಾಯಮೂರ್ತಿ ಲೋಧಾ ಅವರ ಸಮಿತಿ ಮಾಡಿತು. ಸಮಿತಿ ಸಣ್ಣ ಮೊತ್ತದವರಿಂದ ಶುರುಮಾಡಿ ಹಂತಹಂತವಾಗಿ ಕೊಡುತ್ತ ಬಂದಿದೆ. ದುಡ್ಡು ಹೋಗಲು ಒಂದು ಸಹಿ ಸಾಕು. ಬರಲು ಹತ್ತು ವರ್ಷವೂ ಸಾಲದು.

ಕಿರಿಯ ಓದುಗರು ಇದು ಹಳೆ ತಲೆಮಾರಿನ ಮರುಳು ಅಂದುಕೊಳ್ಳಬೇಡಿ. ನಿಮಗೆ ಅದೇ ಸರಕು ಮೊಬೈಲಿನಲ್ಲಿ ಬರುತ್ತದೆ. ಜಾಲತಾಣದಲ್ಲಿ ದುಡ್ಡು ಹಾಕಿ, ಎಲ್‌ಎಲ್‌ಪಿಯ ಪಾಲುದಾರರಾಗಿ, ತೆರಿಗೆಯಿಲ್ಲದ ಕೃಷಿ ಆದಾಯ ಪಡೆಯಿರಿ ಎನ್ನುತ್ತಿದ್ದ ಗ್ರೋಪಿಟಲ್ ನೋಂದಣಿಯಿಲ್ಲದ ಸಾಮೂಹಿಕ ಹೂಡಿಕೆ ಯೋಜನೆಯಂತೆ ಕಾಣುತ್ತದೆಂದು ಸೆಬಿ 2024ರ ಜನವರಿಯಲ್ಲಿ ಮಧ್ಯಂತರ ಆದೇಶ ಹೊರಡಿಸಿತು. ಸೆಬಿಯ ಅಳತೆಗೋಲು ಸರಳ. ಹಲವರ ಹಣ ಒಟ್ಟುಗೂಡುತ್ತದೆಯೇ? ಲಾಭದ ಆಸೆಯಿಂದ ಹಾಕಿದ್ದೇ? ಬೇರೆಯವರು ನಿರ್ವಹಿಸುತ್ತಾರೆಯೇ? ದಿನನಿತ್ಯದ ನಡೆಯಲ್ಲಿ ನಿಮ್ಮ ಹಿಡಿತ ಇಲ್ಲವೇ? ನಾಲ್ಕಕ್ಕೂ ಹೌದು ಎಂದಾದರೆ ನೋಂದಣಿ ಬೇಕು. ಹಾಗೆ ನೋಂದಾಯಿಸಿಕೊಂಡವರ ಹೆಸರು ಸೆಬಿಯ ಪಟ್ಟಿಯಲ್ಲಿ ಇರುತ್ತದೆ. ಸಹಿ ಹಾಕುವ ಮೊದಲು ಹುಡುಕಿ, ಐದು ನಿಮಿಷದ ಕೆಲಸ. ತೆರಿಗೆಯಿಲ್ಲ ಎಂಬ ಮಾತನ್ನೂ ನಂಬಬೇಡಿ. ಬೆಳೆ ಬಂದರೂ ಬಾರದಿದ್ದರೂ ಕಂಪನಿ ಕೊಡುವ ನಿಗದಿ ಮೊತ್ತ ಕೃಷಿ ಆದಾಯ ಎಂದು ಅವರ ಕರಪತ್ರ ಹೇಳಿದರೆ ಸಾಲದು, ಆದಾಯ ತೆರಿಗೆಯವರು ಹೇಳಬೇಕು.

ಇಷ್ಟೆಲ್ಲ ಗೊತ್ತಿರಬೇಕಾದ ನಾವು ಯಾಕೆ ಬೀಳುತ್ತೇವೆ? ದುರಾಸೆ ಎಂದರೆ ಅರ್ಧ ಸತ್ಯ. ಬಾವ ಸಹಿ ಹಾಕಿದ ದಿನ ಹೇಳಿದ್ದು ಬಡ್ಡಿಯ ಮಾತಲ್ಲ. "ಊರಗೆ ಗದ್ದಿ ಹಡಿಲ್ ಬಿದ್ದಿತ್. ಇಲ್ಲಾರೂ ಒಂಚೂರ್ ಮಣ್ಣ್ ಇರ್ಲಿ" ಅಂದರು. ಏಜೆಂಟ್ ಹುಡುಗ ಅವರ ಹತ್ತಿರ ನಮ್ಮ ಕುಂದಾಪುರದ ಕನ್ನಡದಲ್ಲೇ ಮಾತಾಡಿದ್ದ. ನಲವತ್ತು ವರ್ಷ ಕವಿಗೋಷ್ಠಿಗಳಲ್ಲಿ, ಸ್ಮರಣ ಸಂಚಿಕೆಗಳಲ್ಲಿ ನಾವು ಮಣ್ಣಿನ ವಾಸನೆ, ತವರಿನ ಗದ್ದೆ ಎಂದು ಬರೆದುಕೊಂಡು ಬಂದೆವು. ಅದನ್ನೆಲ್ಲ ಓದಿದವರಲ್ಲಿ ಒಬ್ಬ ವ್ಯಾಪಾರಿಯೂ ಇದ್ದ. ನಮ್ಮ ಹಂಬಲಕ್ಕೆ ಎಷ್ಟು ಬೆಲೆ ಹಾಕಬಹುದೆಂದು ಅವನಿಗೆ ತಿಳಿಯಿತು.

ಮಣ್ಣಿನ ಮೇಲೆ ನಿಜವಾಗಿ ಮನಸ್ಸಿದ್ದರೆ ದಾರಿ ಬೇರೆ ಇದೆ. 2021ರಲ್ಲಿ ಉಡುಪಿಯಲ್ಲಿ ಹಡಿಲು ಭೂಮಿ ಕೃಷಿ ಆಂದೋಲನ ನಡೆಯಿತು. ಬೀಳುಬಿದ್ದ ಗದ್ದೆಗಳನ್ನು ಊರವರು ಸೇರಿ ನಾಟಿ ಮಾಡಿ, ಬೆಳೆದ ಅಕ್ಕಿಯನ್ನು ಕೇದಾರ ಕಜೆ ಎಂದು ಮಾರಿದರು. ಅದರಲ್ಲಿ ಯಾರಿಗೂ 24 ಶೇಕಡಾ ಸಿಗಲಿಲ್ಲ. ನಾವು ಕಳಕೊಂಡ ದುಡ್ಡಿನ ಒಂದು ಚೂರಿನಲ್ಲಿ ಬಾವನ ಎರಡು ಎಕರೆಗೆ ಪಂಪು ಹಾಕಿಸಿ ನೆರೆಮನೆಯವರಿಗೆ ಬೆಳೆದುಕೊಳ್ಳಿ ಎಂದು ಕೊಡಬಹುದಿತ್ತು. ವರ್ಷಕ್ಕೆ ಎರಡು ಮೂಟೆ ಅಕ್ಕಿ ಬರುತ್ತಿತ್ತು. ಗದ್ದೆಗೆ ಹೋದರೆ ನಮ್ಮನ್ನು ಗುರುತಿಸುವವರು ಇರುತ್ತಿದ್ದರು.

ಮೋಸ ಹೋದವರು ಮುಚ್ಚಿಟ್ಟುಕೊಳ್ಳಬೇಡಿ. ಮಹಾರಾಷ್ಟ್ರದಲ್ಲಿ ಠೇವಣಿದಾರರ ಹಿತರಕ್ಷಣೆಗೆ 1999ರ ಎಂಪಿಐಡಿ ಕಾಯ್ದೆ ಇದೆ. ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆ 2019ರಿಂದ ಇದೆ. ಪೊಲೀಸರ ಆರ್ಥಿಕ ಅಪರಾಧ ವಿಭಾಗಕ್ಕೆ ಬ್ಯಾಂಕ್ ಪಾಸ್‌ಬುಕ್, ಕರಾರು, ಕರಪತ್ರ ಎಲ್ಲ ಹಿಡಿದು ಒಟ್ಟಾಗಿ ಹೋಗಿ. ನಮ್ಮ ದೂರಿಗೆ ಸೇರಿಕೊಳ್ಳಿ ಎಂದರೆ ಮೂವರು ಪರಿಚಯದವರು ಒಲ್ಲೆ ಅಂದರು. ಸಂಘದಲ್ಲಿ ಹೆಸರು ಕೆಡುತ್ತದಂತೆ. ಕರಪತ್ರ ಹಂಚಿದಾಗ ಕೆಡದ ಹೆಸರು ದೂರು ಕೊಟ್ಟಾಗ ಕೆಡುತ್ತದೆಯೇ?

ನನ್ನ ಕೊನೆಯ ಮಾತು ನಮ್ಮ ಸಂಘಗಳಿಗೆ. ಏಜೆಂಟನಿಗೆ ನಮ್ಮ ಮನೆಯ ಬಾಗಿಲು ತೆರೆದದ್ದು ಅವನ ಮಾತಲ್ಲ, ನಿಮ್ಮ ವೇದಿಕೆ. ಅಧ್ಯಕ್ಷರ ಪಕ್ಕದಲ್ಲಿ ಕೂತವನನ್ನು ಬಾವನಂಥವರು ಪ್ರಶ್ನಿಸುವುದಿಲ್ಲ. ಖಚಿತ ಆದಾಯ ಎಂದು ಬರೆದ ಯಾವ ಕರಪತ್ರವನ್ನೂ ಸಭಾಂಗಣದೊಳಗೆ ಬಿಡಬೇಡಿ, ಸ್ಮರಣ ಸಂಚಿಕೆಯಲ್ಲಿ ಅಚ್ಚು ಮಾಡಬೇಡಿ. ಹೋದ ತಿಂಗಳ ಕಾರ್ಯಕ್ರಮ ಮುಗಿದ ಮೇಲೆ ಕಾರ್ಯದರ್ಶಿಯವರಿಗೆ ಇದನ್ನೇ ಹೇಳಿದೆ. ಒಳ್ಳೆಯ ಮನುಷ್ಯ, ಸುಸ್ತಾಗಿದ್ದರು. "ನೀವು ಹೇಳುವುದು ಸರಿ ಮಾರಾಯ್ರೆ, ಹಾಲ್ ಬಾಡಿಗೆ ಯಾರು ಕೊಡುತ್ತಾರೆ?" ಅಂದರು.

ಪ್ರಶ್ನೆ ನ್ಯಾಯವಾದದ್ದೇ. ಉತ್ತರ ನಾವೇ. ಆ ಸಂಜೆ ಅಲ್ಲಿ ನೂರಕ್ಕೂ ಹೆಚ್ಚು ಜನ ಉಪ್ಪಿಟ್ಟು ತಿಂದು, ಚಹಾ ಕುಡಿದು ಹೋದೆವು. ಬಾವ ಬಂದಿರಲಿಲ್ಲ. ಅರವತ್ತೈದು ದಾಟಿದ ಮೇಲೆ ಅವರು ಘಾಟ್ಕೋಪರಿನ ಒಂದು ಹೋಟೆಲಿನಲ್ಲಿ ಗಲ್ಲದ ಮೇಲೆ ಕೂರುತ್ತಾರೆ, ಭಾನುವಾರವೂ ರಜೆ ಇಲ್ಲ. ಮುಂದಿನ ಕಾರ್ಯಕ್ರಮದ ಹಾಲ್ ಬಾಡಿಗೆಗೆಂದು ಕಾರ್ಯದರ್ಶಿಯವರ ಕೈಗೆ ಎರಡು ಸಾವಿರ ರೂಪಾಯಿ ಕೊಟ್ಟು ರಸೀದಿ ತೆಗೆದುಕೊಂಡಿದ್ದೇನೆ. ಉಳಿದದ್ದನ್ನು ನೀವು ಕೊಡಿ.